ಡೇರಿ ಗೋಡೆ ಪಕ್ಕದ ಅಂಕಣ: ಲೀಗ್ ಮುಗಿಸಿ ಊರಿಗೆ ಬಂದ ಒಬ್ಬ ಕಬಡ್ಡಿ ಆಟಗಾರನ ಪ್ರಕರಣ

ಅವನು ಊರಿಗೆ ವಾಪಸ್ ಬಂದ ದಿನ ಅರಳಿಕಟ್ಟೆ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವನ ಫೋಟೋ ಚಿಕ್ಕದು, ಕಟ್ಟಿಸಿದವರ ಫೋಟೋ ದೊಡ್ಡದು. ‘ನಮ್ಮೂರ ಹೆಮ್ಮೆಯ ಕುವರನಿಗೆ ಸುಸ್ವಾಗತ’ ಅಂತ ಬರೆದಿತ್ತು. ಆ ವರ್ಷದ ಲೀಗ್ ಆಟಗಾರರ ಹರಾಜಿನಲ್ಲಿ ಈ ಕುವರನನ್ನು ಒಂದು ತಂಡದವರೂ ಕೂಗಿರಲಿಲ್ಲ ಅನ್ನೋದು ಫ್ಲೆಕ್ಸ್ ಕಟ್ಟಿಸಿದವರಿಗೆ ಗೊತ್ತಿತ್ತೋ ಇಲ್ಲವೋ. ನನಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಅವನಿಗೆ ಕಬಡ್ಡಿ ಹೇಳಿಕೊಟ್ಟ ಪಿ.ಟಿ. ಮೇಷ್ಟ್ರು ನಾನೇ.

ಅವನ ಹೆಸರು, ಊರಿನ ಹೆಸರು ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ. ಬರೆಯಬೇಡಿ ಅಂತ ಅವನೇ ಕೇಳಿಕೊಂಡ. ಮದ್ದೂರು ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ ಅಂದರೆ ಸಾಕು. ಕೊನೆ ಭಾಗ ಅಂದರೆ ಏನು ಅಂತ ನಾಲೆ ನೀರು ನಂಬಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರು ಕೊನೆಗೆ ಬರುತ್ತದೆ, ಮೊದಲು ನಿಲ್ಲುತ್ತದೆ.

ಇದನ್ನು ಬರೆಯೋಕೆ ಕಾರಣ ಇದೆ. ‘ನಮ್ಮೂರಿಗೂ ಒಬ್ಬ ಹುಡುಗ ಆಟ ಬಿಟ್ಟು ಬಂದಿದ್ದಾನೆ ಸಾರ್, ಏನಾದ್ರೂ ಮಾಡ್ಬೇಕು ಅಂತಾನೆ, ಏನು ಮಾಡಿಸೋಣ?’ ಅಂತ ಆಗಾಗ ಫೋನ್ ಬರುತ್ತದೆ. ಎಲ್ಲರಿಗೂ ಫೋನಿನಲ್ಲಿ ಇಷ್ಟುದ್ದ ಹೇಳೋಕೆ ಆಗಲ್ಲ.

ಬಂದವನು

2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಅವನಿನ್ನೂ ಪಿಯುಸಿ. ಅಲ್ಲಿವರೆಗೆ ಕಬಡ್ಡಿ ಅಂದರೆ ಹಬ್ಬದ ಆಟ. ಹಳಬರು ಚೆಡುಗುಡು ಅಂತಿದ್ದರು. ಲುಂಗಿ ಮೇಲೆ ಕಟ್ಟಿ ಆಡೋದು, ಮೊಣಕೈ ತರಚಿಕೊಂಡು ಮನೆಗೆ ಹೋಗೋದು. ಟೀವಿಯಲ್ಲಿ ಬಣ್ಣದ ಮ್ಯಾಟ್, ಮೈಕು, ಲೈಟು ಬಂದಮೇಲೆ ಹುಡುಗರ ಕಣ್ಣೇ ಬೇರೆ ಆಯಿತು. ಇವನು ವಲಯ, ತಾಲ್ಲೂಕು, ಜಿಲ್ಲೆ ದಾಟಿದ, ಮೈಸೂರಿನಲ್ಲಿ ಕ್ರೀಡಾ ಹಾಸ್ಟೆಲ್ ಸೇರಿದ, ಬೆಂಗಳೂರಿನ ಕ್ಲಬ್ಬಿಗೆ ಆಡಿದ. ಕೊನೆಗೆ ಲೀಗಿನ ಒಂದು ತಂಡಕ್ಕೆ ಎರಡು ಸೀಸನ್ ರೈಟ್ ಕವರ್ ಆಗಿ ಆಯ್ಕೆಯಾದ. ಕವರ್ ಅಂದರೆ ಹಿಡಿಯುವವನು. ಎದುರಾಳಿ ಕಡೆಗೆ ನುಗ್ಗಿ ಪಾಯಿಂಟ್ ತಂದು ತೊಡೆ ತಟ್ಟುವ ರೈಡರ್ ಅಲ್ಲ. ಆ ಎರಡು ಸೀಸನ್‌ನಲ್ಲೂ ಅಂಕಣಕ್ಕಿಂತ ಬೆಂಚಿನ ಮೇಲೇ ಜಾಸ್ತಿ ಕೂತ. ಆಮೇಲೆ ಮಂಡಿ ಹೋಯಿತು. 2022ರ ಹರಾಜಿನಲ್ಲಿ ಅವನ ಹೆಸರು ಹಾಗೇ ಉಳಿಯಿತು.

ನಮ್ಮ ಕಡೆ ಹರಾಜು ಅಂದರೆ ಬೆಲ್ಲದ ಹರಾಜು. ಮಂಡ್ಯದ ಎಪಿಎಂಸಿಗೆ ಬೆಲ್ಲ ಹೊತ್ತುಕೊಂಡು ಹೋಗಿ ಬಂದ ಮನೆಗಳೇ ಎಲ್ಲಾ. ಅವರಪ್ಪ ನನ್ನ ಹತ್ತಿರ ಅಂದಿದ್ದು ಇಷ್ಟೇ: “ರೇಟ್ ಸಿಗ್ನಿಲ್ಲ ಅಂದ್ರೆ ಬೆಲ್ಲನೂ ವಾಪಸ್ ತರ್ತೀವಲ್ಲ ಸಾ, ಹಂಗೇ ಇವ್ನೂ ಬಂದವ್ನೆ ಬುಡಿ.”

ದೊಡ್ಡ ಆಟಗಾರರು ತವರಿಗೆ ಮರಳಿದರೆ ದಾರಿ ಬೇರೆ. ಮೈಸೂರಿನ ಜಾವಗಲ್ ಶ್ರೀನಾಥ್ 315 ಏಕದಿನ ವಿಕೆಟ್ ತೆಗೆದು ಆಟ ಬಿಟ್ಟಮೇಲೆ, 2010ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ ಆದರು. ಅಧ್ಯಕ್ಷರು ಅನಿಲ್ ಕುಂಬ್ಳೆ. ಅವರ ಕೈಗೆ ಒಂದು ಸಂಸ್ಥೆಯೇ ಸಿಕ್ಕಿತು. ಇವನ ಕೈಯಲ್ಲಿ ಇದ್ದಿದ್ದು ಏನು? ಸರಿಹೋಗದ ಮಂಡಿ, ಎರಡು ಜರ್ಸಿ, ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡು. ಊರಲ್ಲಿ ಎರಡು ಎಕರೆ ಕಬ್ಬು.

ಏಳು ಶಾಲು

“ಊರಿಗೆ ಏನಾದ್ರೂ ಮಾಡ್ಬೇಕು ಸಾ” ಅಂತ ಬಂದು ಕೂತ. ಪಂದ್ಯಾವಳಿ ಮಾಡಪ್ಪ ಅಂದವನು ನಾನು. ಈ ಪ್ರಕರಣದ ಮೊದಲ ತಪ್ಪು ನನ್ನದೇ, ಅದನ್ನು ಮುಚ್ಚಿಡಲ್ಲ.

2023ರ ಫೆಬ್ರವರಿ. ಮೇನಲ್ಲಿ ವಿಧಾನಸಭೆ ಚುನಾವಣೆ. ಆ ಫೆಬ್ರವರಿಯಲ್ಲೇ ಮದುವೆಗೆ ಹೆಣ್ಣು ಸಿಗದ ನಮ್ಮ ಕಡೆಯ ಹುಡುಗರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ‘ನೀನೂ ಹೋಗ್ಲಾ ಅವ್ರ ಜೊತೆ’ ಅಂತ ಇವನನ್ನು ರೇಗಿಸೋರು. ಇವನು ಹೋಗಲಿಲ್ಲ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಮಾಡಿದ.

ಚುನಾವಣೆ ವರ್ಷದ ಹೊನಲು ಬೆಳಕಿನ ಪಂದ್ಯಾವಳಿ ನೋಡಿಲ್ಲದವರಿಗೆ ಹೇಳುತ್ತೇನೆ. ಅಲ್ಲಿ ಕಬಡ್ಡಿ ನಡುನಡುವೆ ನಡೆಯುತ್ತದೆ. ಉಳಿದ ಹೊತ್ತೆಲ್ಲ ಗಣ್ಯರ ಆಗಮನ. ಕ್ರೇನಿನಲ್ಲಿ ನೇತುಹಾಕಿದ ಸೇಬಿನ ಹಾರ ಬಂತು. ಹಾರ ಹಾಕಿಸಿಕೊಂಡವರು ಹೋದಮೇಲೆ ಸೇಬಿಗೆ ನೂಕುನುಗ್ಗಲು. ಇವನಿಗೆ ಆ ರಾತ್ರಿ ಏಳು ಶಾಲು ಹೊದಿಸಿದರು, ನಾನು ಎಣಿಸಿದೆ. ನಮ್ಮೂರ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಗೆದ್ದ ತಂಡ ಬೆಂಗಳೂರಿನದು. ನಗದು ಬಹುಮಾನ ಇಸ್ಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಕಾರು ಹತ್ತಿ ಹೋಯಿತು.

ಆರು ಗಂಟೆಗೆ ನಾನು ಆ ಕಡೆ ವಾಕಿಂಗ್ ಹೋದೆ. ಇವನೊಬ್ಬನೇ ಗೋಣಿಚೀಲ ಹಿಡಿದು ಪ್ಲಾಸ್ಟಿಕ್ ಲೋಟ ಆರಿಸುತ್ತಿದ್ದ. ಕುಂಟುತ್ತಿದ್ದ. ಶಾಮಿಯಾನದ ಟ್ರ್ಯಾಕ್ಟರ್ ಓಡಾಡಿ ಅಂಕಣದಲ್ಲಿ ಎರಡು ಕಡೆ ಗಾಲಿಯ ಗುಂಡಿ ಬಿದ್ದಿತ್ತು. ಸೌಂಡು, ಲೈಟು, ಕುರ್ಚಿ, ಊಟ ಎಲ್ಲದರ ಬಾಕಿ ಸೇರಿ ಲೀಗಿನಲ್ಲಿ ಉಳಿಸಿದ ದುಡ್ಡಿಗೆ ಒಳ್ಳೆ ಹೊಡೆತ ಬಿತ್ತು. ವೇದಿಕೆ ಮೇಲೆ ದೇಣಿಗೆ ಘೋಷಿಸಿದವರಲ್ಲಿ ಅರ್ಧ ಜನ ಆಮೇಲೆ ಫೋನ್ ಎತ್ತಲಿಲ್ಲ.

ಅಳತೆ ಟೇಪು

ಆಮೇಲೆ ದಿನಾ ಅಭ್ಯಾಸ ಮಾಡಿಸೋಣ ಅಂತಾಯಿತು. ಶಾಲೆ ಮೈದಾನ ಊರಾಚೆ, ರಸ್ತೆ ದಾಟಬೇಕು. ಅದೂ ಅಲ್ಲದೆ ಸುಗ್ಗಿ ಕಾಲದಲ್ಲಿ ಅಲ್ಲಿ ರಾಗಿ, ಹುರುಳಿ ಒಕ್ಕಣೆ. ಕಣ ಬಿಟ್ಟುಕೊಡಿ ಅಂತ ಯಾರನ್ನು ಕೇಳೋದು? ಆಗ ನರೇಗಾದಲ್ಲಿ ಶಾಲೆ ಮೈದಾನ ಸಮ ಮಾಡಿಸಬಹುದಿತ್ತು, ಅದಕ್ಕೆ ಅರ್ಜಿಯನ್ನೂ ಕೊಟ್ಟೆವು. ಕೂಲಿ ಸಿಗುತ್ತದೆ, ಮಣ್ಣು ಸಮವಾಗುತ್ತದೆ, ಆದರೆ ಮೈದಾನ ಊರೊಳಗೆ ನಡೆದುಕೊಂಡು ಬರಲ್ಲ ಅಲ್ವಾ.

ಊರೊಳಗೆ ಉಳಿದಿದ್ದ ಖಾಲಿ ಜಾಗ ಒಂದೇ: ಮಹಿಳಾ ಹಾಲು ಉತ್ಪಾದಕರ ಸಂಘದ ಕಟ್ಟಡದ ಹಿಂದೆ. ಒಂದು ಕಡೆ ಡೇರಿ ಗೋಡೆ, ಇನ್ನೊಂದು ಕಡೆ ಪಂಚಾಯಿತಿ ಚರಂಡಿ. ಒಂದು ಭಾನುವಾರ ಅವನು, ನಾನು, ಇಬ್ಬರು ಹುಡುಗರು ಟೇಪು, ಗೂಟ, ಸುಣ್ಣದ ಪುಡಿ ತಗೊಂಡು ಹೋದೆವು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಉದ್ದಕ್ಕೆ ಏನೂ ತೊಂದರೆ ಇರಲಿಲ್ಲ. ಅಗಲ ಎಳೆದರೆ ಟೇಪು ಒಂಬತ್ತೂವರೆಗೆ ನಿಂತಿತು. ಅವನು ನಂಬಲಿಲ್ಲ. ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿ ಅಂತ ಹುಡುಗನಿಗೆ ಹೇಳಿ ಮೂರು ಸಲ ಅಳೆದ. ಮೂರು ಸಲವೂ ಒಂಬತ್ತೂವರೆ.

“ಅರ್ಧ ಮೀಟರ್ ಸಾ.”

“ಚರಂಡಿ ಮೇಲೆ ಚಪ್ಪಡಿ ಹಾಕ್ಸಿದ್ರೆ?”

“ರೈಡ್ ಹೋದೋನು ಚರಂಡಿಗೇ ಬೀಳ್ತಾನೆ.”

ಹೆಂಗಸರ ಅಂಕಣ 12ಕ್ಕೆ 8. ಅದು ಸಲೀಸಾಗಿ ಕೂತಿತು, ಎರಡೂ ಕಡೆ ಮುಕ್ಕಾಲು ಮೀಟರ್ ಉಳಿಯಿತು. ನಿಯಮಕ್ಕೆ ಅಷ್ಟು ಸಾಲದು, ಅದಕ್ಕೇ ಗೋಡೆಗೆ ಹುಲ್ಲು ತುಂಬಿದ ಗೋಣಿಚೀಲ ಸಾಲಾಗಿ ಕಟ್ಟಿಸಿದ. ಕೆಮ್ಮಣ್ಣು ಜರಡಿ ಹಿಡಿದು, ಮರಳು ಬೆರೆಸಿ, ನೀರು ಹೊಡೆದು ಹದ ಮಾಡಿದ. ಅವನ ತಲೆಯಲ್ಲಿ ಇದ್ದಿದ್ದು ಗಂಡುಹುಡುಗರ ತಂಡ. ‘ಸದ್ಯಕ್ಕೆ ಚಿಕ್ಕ ಅಂಕಣದಲ್ಲೇ ಆಡ್ಲಿ’ ಅಂದ. ಅಂಕಣ ಯಾರ ಅಳತೆಯದು ಅನ್ನೋದು ಆಗ ನಮಗಿಬ್ಬರಿಗೂ ಹೊಳೆಯಲಿಲ್ಲ.

ಹಾಲಿನ ಹೊತ್ತು

ಕ್ಯಾಂಪಿನ ಅಭ್ಯಾಸ ಅವನಿಗೆ. ಬೆಳಿಗ್ಗೆ ಐದಕ್ಕೆ ಸೀಟಿ. ಹದಿನಾಲ್ಕು ಹುಡುಗರು ಬಂದರು. ಹೆಣ್ಣುಮಕ್ಕಳು ಒಬ್ಬರೂ ಇಲ್ಲ. ಅವನಿಗೆ ಬೇಜಾರಾಯಿತು. ಹಾಸ್ಟೆಲಿನಲ್ಲಿ ಹುಡುಗಿಯರ ಕಬಡ್ಡಿ ನೋಡಿ ಬಂದವನು. ಕಾರ್ಕಳ ಕಡೆಯ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿದ್ದು ಅವನಿಗೆ ಬಾಯಿಪಾಠ. ‘ಬಿಡಪ್ಪ, ನಮ್ಮ ಕಡೆ ಹೆಣ್ಣುಮಕ್ಕಳನ್ನ ಕಳಿಸಲ್ಲ’ ಅಂದೆ. ಅಷ್ಟು ವರ್ಷ ಮೇಷ್ಟ್ರಾಗಿದ್ದವನು ನಾನು, ಗೊತ್ತಿರೋ ಹಾಗೇ ಮಾತಾಡಿದೆ. ಎರಡನೇ ತಪ್ಪು.

ಸರಿ ಮಾಡಿದವರು ಡೇರಿಯ ಕಾರ್ಯದರ್ಶಿ. ಊರೆಲ್ಲ ಡೇರಿ ಅಕ್ಕ ಅಂತಲೇ ಕರೆಯೋದು. ಒಂದು ದಿನ ಹಾಲು ಅಳೆಯುತ್ತಲೇ ಇವನನ್ನು ಕರೆದು ಬೈದರು.

“ಐದ್ಗಂಟೆಗೆ ಯಾರ್ ಮಗ್ಳು ಬತ್ತಾಳ್ಲಾ? ಐದಕ್ಕೆ ಕೊಟ್ಟಿಗೆ ಕಸ, ಐದೂವರೆಗೆ ಹಾಲ್ ಕರೀಬೇಕು. ಆರೂಕಾಲ್ಗೆ ಕ್ಯಾನ್ ತಕೊಂಡು ಇಲ್ಲಿಗೇ ಬತ್ತಾರಲ್ಲ, ಕಾಣ್ಸಲ್ವಾ? ಬಂದೋರ್ನ ಹಿಡ್ಕೊ. ನೀನು ಹಿಡಿಯೋನೇ ತಾನೆ?”

ಕವರ್ ಆಡುವವನಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳುತ್ತಾರೆ.

ಮಾರನೇ ವಾರದಿಂದ ಸೀಟಿ ಆರೂಮುಕ್ಕಾಲಿಗೆ. ಹಾಲು ಹಾಕೋ ಸಾಲಿನಲ್ಲಿ ಅಮ್ಮನ ಬದಲು ಮಗಳು ನಿಲ್ಲೋದು ಎಷ್ಟೋ ಮನೆಗಳಲ್ಲಿ ಮೊದಲಿಂದ ಇದ್ದಿದ್ದೇ. ಹಾಲು ಹಾಕಿ, ಫ್ಯಾಟ್ ಮಿಷನ್ನಿನ ಚೀಟಿ ಇಸ್ಕೊಂಡು, ಖಾಲಿ ಕ್ಯಾನನ್ನು ಗೋಡೆ ಪಕ್ಕ ಇಟ್ಟು ಅಂಕಣಕ್ಕೆ ಇಳಿಯೋದು. ಮೊದಲ ದಿನ ಮೂರು ಕ್ಯಾನ್. ತಿಂಗಳು ಕಳೆಯೋದರಲ್ಲಿ ಹನ್ನೊಂದು. ಸ್ಟೀಲಿನ ಕ್ಯಾನುಗಳು ಸಾಲಾಗಿ ನಿಂತಿರುತ್ತಿದ್ದವು, ಪ್ರತಿಯೊಂದರ ಮುಚ್ಚಳದ ಸಂದಿಯಲ್ಲೂ ಮಡಿಸಿದ ಚೀಟಿ. ಆ ಚೀಟಿ ಕಳೆದರೆ ಮನೆಯಲ್ಲಿ ಬೈಗುಳ. ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹೋಗೋ ಹಾಲಿನ ಲೆಕ್ಕ, ಬಟವಾಡೆ ಎಲ್ಲಾ ಅದರ ಮೇಲೇ. ಹಾಗಾಗಿ ಯಾವ ಹುಡುಗಿ ಆಡಿದರೂ ಒಂದು ಕಣ್ಣು ಕ್ಯಾನಿನ ಮೇಲೆ. ಏಳೂವರೆಗೆ ಮುಗಿಸಿ, ಕ್ಯಾನ್ ಎತ್ತಿಕೊಂಡು ಮನೆಗೆ.

ಕಳಿಸಿಕೊಡಿ ಅಂತ ಯಾವ ಮನೆಗೂ ಹೋಗಿ ಕೇಳಲಿಲ್ಲ. ಕಳಿಸುತ್ತೀವಿ ಅಂತ ಯಾರೂ ಹೇಳಲಿಲ್ಲ. ಸಂಘದ ಸದಸ್ಯರು ಹೆಂಗಸರೇ. ಸಾಲಿನಲ್ಲಿ ನಿಂತವರ ಕಣ್ಣೆದುರಿಗೇ ಮಕ್ಕಳು ಆಡುತ್ತಿದ್ದರು. ಒಬ್ಬ ತಾಯಿ ಚಡ್ಡಿ ಹಾಕ್ಕೊಂಡು ಆಡೋದು ಬೇಡ ಅಂದರು. ನೈಟ್ ಪ್ಯಾಂಟ್ ಅಂತಾಯಿತು. ಅಲ್ಲಿಗೆ ಆ ಮಾತು ಮುಗಿಯಿತು.

ಒಂದು ವಿಷಯ ಮಾತ್ರ ಹುಷಾರಾಗಿ ಮಾಡಬೇಕಿತ್ತು, ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಬಡ್ಡಿ ಮೈ ಮುಟ್ಟಿ ಆಡುವ ಆಟ. ಇಪ್ಪತ್ತಾರರ ಹುಡುಗ ಹದಿನಾಲ್ಕರ ಹೆಣ್ಣುಮಕ್ಕಳಿಗೆ ತೊಡೆ ಹಿಡಿಯೋದು, ಸೊಂಟ ಹಿಡಿಯೋದು ಹೇಗೆ ಹೇಳಿಕೊಡಬೇಕು? ಅವನೇ ಒಂದು ಕ್ರಮ ಮಾಡಿಕೊಂಡ. ಹುಡುಗಿಯರನ್ನು ಮುಟ್ಟಿ ಕಲಿಸೋದಿಲ್ಲ. ಹಿಡಿತಗಳನ್ನು ಗೋಣಿಚೀಲದ ಮೇಲೆ ಇಲ್ಲಾ ಗಂಡುಹುಡುಗನ ಮೇಲೆ ತೋರಿಸೋದು, ಅವರು ಅವರವರಲ್ಲೇ ಮಾಡಿ ನೋಡೋದು. ಡೇರಿ ಅಕ್ಕನೋ ಯಾರಾದರೂ ಒಬ್ಬ ತಾಯಿಯೋ ಇಲ್ಲದಿದ್ದರೆ ಅಭ್ಯಾಸವೇ ಇಲ್ಲ. ಹುಡುಗರು ಬಾರದ ದಿನ ಆಂಕಲ್ ಹೋಲ್ಡ್ ತೋರಿಸೋಕೆ ನನ್ನ ಕಾಲೇ ಗತಿ. ಅರವತ್ತು ದಾಟಿದ ಕಾಲು. ಪಾದದ ಗಂಟು ಹಿಡಿದು ಹಿಂದಕ್ಕೆ ಎಳೆದಾಗ ನಾನು ಕೂತುಬಿಟ್ಟೆ. ಆ ಬೆಳಿಗ್ಗೆ ಹುಡುಗಿಯರು ನಕ್ಕಷ್ಟು ಇನ್ಯಾವತ್ತೂ ನಕ್ಕಿಲ್ಲ.

ಟೀವಿ ನೋಡಿದ ಮಕ್ಕಳಿಗೆಲ್ಲ ರೈಡರ್ ಆಗಬೇಕು. ಇವನು ಆರು ತಿಂಗಳು ಹಿಡಿಯೋದನ್ನೇ ಕಲಿಸಿದ. ರೈಡರ್‌ಗೆ ಇರೋದು 30 ಸೆಕೆಂಡ್. ಸುಮ್ನೆ ಕೈ ಹಾಕಬೇಡಿ, ಅವಳ ಕಾಲು ನೋಡಿ, ಭುಜ ನೋಡಬೇಡಿ, ಭುಜ ಸುಳ್ಳು ಹೇಳ್ತದೆ ಅನ್ನೋನು. ಪಾಯಿಂಟ್ ಬಾರದೆ ಎರಡು ಖಾಲಿ ರೈಡ್ ಆದರೆ ಮೂರನೆಯದು ಮಾಡು ಇಲ್ಲವೇ ಮಡಿ. ಆಗ ರೈಡರ್ ತಾನಾಗಿಯೇ ಒಳಗೆ ಬರಬೇಕು, ನೀವು ಕಾಯಿರಿ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಮ್ಮಿಯೋ ಉಳಿದಾಗ ಹಿಡಿದರೆ ಎರಡು ಪಾಯಿಂಟ್, ಅದಕ್ಕೆ ಹೆದರಬೇಡಿ. ಇದನ್ನೆಲ್ಲ ಅವನು ಕಲಿತಿದ್ದು ಆಡಿ ಅಲ್ಲ, ಎರಡು ಸೀಸನ್ ಬೆಂಚಿನ ಮೇಲೆ ಕೂತು ನೋಡಿ. ಮೊದಲ ಏಳರಲ್ಲಿ ಆಡಿ ಹೆಸರು ಮಾಡಿದವನಾಗಿದ್ದರೆ ಇಷ್ಟು ತಾಳ್ಮೆಯಿಂದ ಕಲಿಸುತ್ತಿದ್ದನೋ ಇಲ್ಲವೋ, ನನಗೆ ಅನುಮಾನ.

ನಾಲೆ ಒಣಗಿದ ವರ್ಷ

2023ರಲ್ಲಿ ಮಳೆ ಕೈಕೊಟ್ಟಿತು. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ. ಆ ವರ್ಷ ಅಲ್ಲಿಗೆ ಮುಟ್ಟಲೇ ಇಲ್ಲ. ತಮಿಳುನಾಡಿಗೆ ನೀರು ಬಿಟ್ಟಿದ್ದಕ್ಕೆ ಮಂಡ್ಯದಲ್ಲಿ ದಿನಾ ಧರಣಿ, ಸೆಪ್ಟೆಂಬರ್ 29ಕ್ಕೆ ಕರ್ನಾಟಕ ಬಂದ್. ನಾಲೆ ಒಣಗಿದಮೇಲೆ ಗಂಡುಹುಡುಗರಿಗೆ ಗದ್ದೆ ಕೆಲಸ ಇಲ್ಲ. ಅಂಕಣದಲ್ಲಿ ಹುಡುಗರೇ ಹುಡುಗರು. ‘ನೋಡಿ ಸಾ, ಊರೇ ಬತ್ತೈತೆ’ ಅಂತ ಅವನಿಗೆ ಖುಷಿ. 2024ರ ಜುಲೈನಲ್ಲಿ ಅಣೆಕಟ್ಟೆ ತುಂಬಿತು. ನಾಲೆಗೆ ನೀರು ಬಂದ ವಾರವೇ ಹುಡುಗರು ಖಾಲಿ. ನಾಟಿ, ಉಳುಮೆ, ರಾತ್ರಿ ನೀರು ಕಟ್ಟೋದು. ತಪ್ಪಲ್ಲ ಅದು, ಹೊಟ್ಟೆಪಾಡು. ಇವನೂ ಒಂದಷ್ಟು ದಿನ ಅಪ್ಪನ ಜೊತೆ ಗದ್ದೆಗೆ ಇಳಿದ, ಮಧ್ಯಾಹ್ನದ ಮೇಲೆ ಮಂಡ್ಯದ ಒಂದು ಜಿಮ್ಮಿನಲ್ಲಿ ಟ್ರೈನರ್ ಕೆಲಸ. ಊರ ಸೇವೆಗೆ ಸಂಬಳ ಇಲ್ಲವಲ್ಲ.

ಹುಡುಗಿಯರ ಸಾಲು ಮಾತ್ರ ಹಾಗೇ ಇತ್ತು. ನಾಲೆಯಲ್ಲಿ ನೀರು ಇರಲಿ ಬಿಡಲಿ, ಹಸು ಬೆಳಿಗ್ಗೆ ಹಾಲು ಕೊಡಲೇಬೇಕು, ಯಾರೋ ಒಬ್ಬರು ತರಲೇಬೇಕು.

ಹಾಗಂತ ಬರ ಅವರನ್ನೂ ಬಿಡಲಿಲ್ಲ. ಆ ವರ್ಷ ಮೇವಿಗೆ ತತ್ವಾರ. ಇಬ್ಬರು ಹುಡುಗಿಯರ ಮನೆಯಲ್ಲಿ ಹಸು ಮಾರಿದರು. ಮಾರನೇ ದಿನದಿಂದಲೇ ಆ ಇಬ್ಬರು ಬರಲಿಲ್ಲ. ಮೈ ಹುಷಾರಿಲ್ಲವೇನೋ ಅಂದುಕೊಂಡ ಇವನು. ನಾನೂ ಅಷ್ಟೇ. ವಾರ ಕಳೆದಮೇಲೆ ಡೇರಿ ಅಕ್ಕನೇ ಹೇಳಿದರು: ಕ್ಯಾನ್ ಇಲ್ಲದೆ ಬರಿಗೈಲಿ ಬೆಳಿಗ್ಗೆ ಎಲ್ಲಿಗೆ ಹೊರಟೆ ಅಂತ ಮನೆಯಲ್ಲಿ ಕೇಳ್ತಾರೆ, ಆಟಕ್ಕೆ ಅಂತ ಹೇಳೋಕೆ ಆ ಮಕ್ಕಳಿಗೆ ಬಾಯಿ ಬರಲ್ಲ. ಅಕ್ಕ ಮಾಡಿದ್ದು ಚಿಕ್ಕ ಕೆಲಸ. ಅವರ ಬೀದಿಯಲ್ಲೇ ಮಂಡಿನೋವಿನ ಒಬ್ಬ ಅಜ್ಜಿ, ಒಂದು ಮಗು ಎತ್ತಿಕೊಂಡ ಸೊಸೆ ಇದ್ದರು. ‘ನಿಮ್ಮನೆ ಕ್ಯಾನೂ ಆ ಮಕ್ಕಳ ಕೈಲಿ ಕಳ್ಸಿ’ ಅಂದರು. ಇಬ್ಬರೂ ವಾಪಸ್ ಬಂದರು. ಬೇರೆಯವರ ಕ್ಯಾನು, ಬೇರೆಯವರ ಚೀಟಿ. ನನ್ನನ್ನು ಕೇಳಿದರೆ ಈ ಪ್ರಕರಣದಲ್ಲಿ ನಡೆದ ಅತಿ ದೊಡ್ಡ ಸೇವೆ ಅದೇ, ಅದನ್ನು ಮಾಡಿದ್ದು ಆಟಗಾರನೂ ಅಲ್ಲ, ಮೇಷ್ಟ್ರೂ ಅಲ್ಲ.

ಮಣ್ಣು, ಮ್ಯಾಟು, ಇನ್ನೊಂದು ಫ್ಲೆಕ್ಸು

2024ರ ಶಾಲಾ ಕ್ರೀಡಾಕೂಟದಲ್ಲಿ ನಮ್ಮ ಹುಡುಗಿಯರು ವಲಯ ಗೆದ್ದರು, ತಾಲ್ಲೂಕು ಗೆದ್ದರು. ಎರಡೂ ಮಣ್ಣಿನ ಅಂಕಣ. ಜಿಲ್ಲಾ ಮಟ್ಟ ಮ್ಯಾಟ್ ಮೇಲೆ. ಬರಿಗಾಲಲ್ಲಿ ಇಳಿದರು. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಆ ಜಾರಿಕೆಯನ್ನು ನಂಬಿಯೇ ಹುಡುಗಿಯರು ತಿರುಗೋದು. ಮ್ಯಾಟ್ ಹಿಡಿದುಕೊಳ್ಳುತ್ತದೆ. ತಿರುಗೋಕೆ ಹೋದವಳ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಮೊದಲ ಪಂದ್ಯದಲ್ಲೇ ಸೋತರು. ಇದು ಆಗುತ್ತದೆ ಅಂತ ಅವನಿಗೆ ಗೊತ್ತಿತ್ತು, ದುಡ್ಡಿರಲಿಲ್ಲ. ಒಂದು ಮೀಟರ್ ಚೌಕದ ಹಲಗೆಯಂಥ ತುಂಡುಗಳನ್ನು ಒಂದಕ್ಕೊಂದು ಹಲ್ಲು ಕೂಡಿಸಿ ಜೋಡಿಸೋದು ಆ ಮ್ಯಾಟು. 12ಕ್ಕೆ 8ರ ಅಂಕಣಕ್ಕೆ 96 ತುಂಡು. ಬೆಲೆ ವಿಚಾರಿಸಿದಾಗ, ಅಷ್ಟರಲ್ಲಿ ಒಳ್ಳೆ ಸೀಮೆಹಸು ಒಂದೆರಡು ಕಟ್ಟಬಹುದು ಅಂತ ಅಕ್ಕ ಲೆಕ್ಕ ಹಾಕಿದರು.

ತಾಲ್ಲೂಕು ಗೆದ್ದ ಸುದ್ದಿಗೆ ಅರಳಿಕಟ್ಟೆ ಹತ್ತಿರ ಮತ್ತೆ ಫ್ಲೆಕ್ಸ್ ಬಂತು. ಒಬ್ಬ ಮುಖಂಡರು ಬಂದು ಐದು ಎಕರೆಯಲ್ಲಿ ಕ್ರೀಡಾ ಸಂಕೀರ್ಣ ಮಾಡಿಸಿಕೊಡುತ್ತೇನೆ, ಅದಕ್ಕೆ ನಿನ್ನ ಹೆಸರೇ ಇಡೋಣ ಅಂದರು. ಅವನ ಮುಖ ಅರಳಿತು. ನನಗೆ ರೊಬರ್ಟೊ ಕ್ಲೆಮೆಂಟೆ ನೆನಪಾದ.

ಬೇಸ್‌ಬಾಲ್ ನಮಗೆ ದೂರದ ಆಟ. ಆದರೆ ಆಡಿ ಊರಿಗೆ ಮರಳುವ ಮಾತು ಬಂದಾಗ ಕ್ಲೆಮೆಂಟೆಯನ್ನು ಬಿಡೋಕಾಗಲ್ಲ. ಪೋರ್ಟೊ ರಿಕೊ ದ್ವೀಪದ ಕರೊಲಿನಾ ಅವನ ಊರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ 1955ರಿಂದ 1972ರವರೆಗೆ 18 ಸೀಸನ್ ಆಡಿದ, ಸರಿಯಾಗಿ 3,000 ಹಿಟ್ ಹೊಡೆದ. ಸೀಸನ್ ಮುಗಿದರೆ ಊರಿಗೆ ಹೋಗಿ ಮಕ್ಕಳಿಗೆ ಆಟ ಕಲಿಸೋನು. ಬಡ ಮಕ್ಕಳಿಗೆ ಅಂತ ಒಂದು ದೊಡ್ಡ ಕ್ರೀಡಾ ನಗರ ಕಟ್ಟಬೇಕು ಅನ್ನೋದು ಅವನ ಕನಸು. 1972ರ ಡಿಸೆಂಬರಿನಲ್ಲಿ ನಿಕರಾಗುವಾದಲ್ಲಿ ಭೂಕಂಪ ಆಯಿತು. ಕಳಿಸಿದ ಸಾಮಾನು ಜನರಿಗೆ ಮುಟ್ಟುತ್ತಿಲ್ಲ ಅಂತ ಕೇಳಿ, ತಾನೇ ಹೋಗುತ್ತೇನೆ ಅಂತ ಡಿಸೆಂಬರ್ 31ರ ರಾತ್ರಿ ಸಾಮಾನು ತುಂಬಿದ ವಿಮಾನ ಹತ್ತಿದ. ವಿಮಾನ ಸಮುದ್ರಕ್ಕೆ ಬಿತ್ತು. ಅವನಿಗೆ 38 ವರ್ಷ. ಸಮಾಜಸೇವೆ ಮಾಡುವ ಬೇಸ್‌ಬಾಲ್ ಆಟಗಾರರಿಗೆ ಈಗಲೂ ಪ್ರತಿವರ್ಷ ಅವನ ಹೆಸರಿನ ಪ್ರಶಸ್ತಿ ಕೊಡುತ್ತಾರೆ. ಹೆಂಡತಿ ವೆರಾ ಪಟ್ಟುಹಿಡಿದು ಆ ಕ್ರೀಡಾ ನಗರ ಕಟ್ಟಿಸಿದರು, 304 ಎಕರೆ ಜಾಗದಲ್ಲಿ. ಒಂದಷ್ಟು ಕಾಲ ಚೆನ್ನಾಗಿಯೇ ನಡೆಯಿತು. ಬರಬರುತ್ತಾ ಅದನ್ನು ನೋಡಿಕೊಳ್ಳೋಕೆ ಆಗದೆ ಹುಲ್ಲು ಬೆಳೆದು ಪಾಳುಬಿತ್ತು.

ಅಂಥವನ ಹೆಸರಿದ್ದ ಜಾಗವೇ ಹಾಗಾಯಿತು ಕಣಪ್ಪ, ಐದು ಎಕರೆಯ ಹುಲ್ಲು ಕೊಯ್ಯೋರು ಯಾರು ಅಂದೆ. ಅವನಿಗೆ ನನ್ನ ಮಾತು ಹಿಡಿಸಲಿಲ್ಲ. ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆ ಐದು ಎಕರೆ ಎಲ್ಲಿದೆ ಅಂತ ಇವತ್ತಿನವರೆಗೂ ಯಾರೂ ತೋರಿಸಿಲ್ಲ, ಹಾಗಾಗಿ ಆ ಜಗಳ ತಾನಾಗಿ ಮುಗಿಯಿತು.

ಅವನಿಲ್ಲದ ದಿನಗಳು

ಅಕ್ಟೋಬರಿನಲ್ಲಿ ಲೀಗಿನ ಒಂದು ತಂಡದವರು ಅಭ್ಯಾಸಕ್ಕೆ ಸಹಾಯಕನಾಗಿ ಕರೆದರು. ಸುಮಾರು ಮೂರು ತಿಂಗಳು. ದುಡ್ಡು ಬೇಕಿತ್ತು, ಹೋದ. ನಿಜವಾದ ಪರೀಕ್ಷೆ ಆಮೇಲೆ.

ಮೊದಲ ದಿನ ಕ್ಯಾನುಗಳು ಸಾಲಾಗಿ ನಿಂತವು, ಹುಡುಗಿಯರು ಗೋಡೆ ಪಕ್ಕ ಸುಮ್ಮನೆ ನಿಂತರು. ನಾನು ಸೀಟಿ ಊದಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹತ್ತನೇ ಕ್ಲಾಸಿನವಳೊಬ್ಬಳು ಹತ್ತು ನಿಮಿಷ ನೋಡಿದಳು, ಆಮೇಲೆ ಬಂದು ‘ಸೀಟಿ ಕೊಡಿ ಸಾ’ ಅಂತ ನನ್ನ ಕೊರಳಿಂದಲೇ ತಗೊಂಡಳು. ಮೂರು ತಿಂಗಳು ಅವಳೇ ನಡೆಸಿದಳು. ಚೆನ್ನಾಗಿ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹೊಸದೇನೂ ಕಲಿಯಲಿಲ್ಲ. ಇಬ್ಬರು ರೈಡರ್ ಬೋನಸ್ ಗೆರೆ ದಾಟಿದರೆ ಸಿಗೋ ಪಾಯಿಂಟಿನ ಆಸೆಗೆ ಒಂದೇ ಕಾಲು ಚಾಚೋ ಕೆಟ್ಟ ಅಭ್ಯಾಸ ಕಲಿತರು, ಅದನ್ನು ಬಿಡಿಸೋಕೆ ಇವನಿಗೆ ಬೇಸಿಗೆವರೆಗೆ ಹಿಡಿಯಿತು. ಆದರೆ ಒಂದು ದಿನವೂ ನಿಲ್ಲಲಿಲ್ಲ.

ಅವನು ವಾಪಸ್ ಬಂದಾಗ ಒಂದು ಗೂಡ್ಸ್ ಆಟೋದಲ್ಲಿ 30 ಹಳೇ ಮ್ಯಾಟ್ ತುಂಡು ತಂದ. ಒಂದು ಕ್ಲಬ್ಬಿನವರು ಬದಲಾಯಿಸುವಾಗ ಬಿಸಾಡೋದರಲ್ಲಿದ್ದರಂತೆ. 96 ಬೇಕು, ಇರೋದು 30. ಅದಕ್ಕೆ ಅವನು ಮಾಡಿದ ಲೆಕ್ಕ ನನಗೆ ಬಹಳ ಇಷ್ಟವಾಯಿತು. ಹೆಂಗಸರ ಅಂಕಣದಲ್ಲಿ ನಡುಗೆರೆಯಿಂದ ಕೊನೆಗೆರೆಗೆ 6 ಮೀಟರ್. ರೈಡರ್ ದಾಟಲೇಬೇಕಾದ ಬಾಕ್ ಲೈನ್ 3 ಮೀಟರಿಗೆ. ಅದರಿಂದ ಹಿಂದಕ್ಕೆ ಉಳಿಯೋದು 3 ಮೀಟರ್, ಅಗಲ 8. ಹಿಡಿಯೋರು ನಿಲ್ಲೋದು, ಕಾಲು ತಿರುಗೋದು, ಬೀಳೋದು ಹೆಚ್ಚುಕಮ್ಮಿ ಅಷ್ಟರಲ್ಲೇ. 3ಕ್ಕೆ 8, ಇಪ್ಪತ್ತನಾಲ್ಕು ತುಂಡು. ಅಂಕಣದ ಒಂದು ಬದಿಗೆ ಸಾಕು, ಆರು ಉಳಿಯಿತು. ಮಣ್ಣಿಗೂ ಮ್ಯಾಟಿಗೂ ಅಂಚಿನಲ್ಲಿ ಎಡವಬಾರದು ಅಂತ ಆ ಭಾಗದ ಮಣ್ಣನ್ನು ಮ್ಯಾಟಿನ ದಪ್ಪದಷ್ಟು ಕೆರೆದು ತೆಗೆದರು. ಅಭ್ಯಾಸ ಮುಗಿದಮೇಲೆ ತುಂಡು ಬಿಡಿಸಿ ಡೇರಿಯ ಹಳೇ ಕೋಣೆಗೆ. ಕೋಣೆ ಬೀಗದಕೈ ಅಕ್ಕನ ಹತ್ತಿರ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು, ಗೆದ್ದ ಭಾರತದ ಹೆಣ್ಣುಮಕ್ಕಳ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಾರೆ ಅಂತ ಗೊತ್ತಾದಾಗ, ಹುಡುಗಿಯರು ಆ ಫೋಟೋವನ್ನು ಪೇಪರಿನಿಂದ ಕತ್ತರಿಸಿ ಕೋಣೆ ಬಾಗಿಲಿಗೆ ಅಂಟಿಸಿದರು. ‘ಖೋ ಖೋ ಅಲ್ವಾ ಅದು’ ಅಂದೆ. ‘ಹಳ್ಳಿ ಅಲ್ವಾ ಸಾ’ ಅಂದರು.

ನಡವಳಿ ಪುಸ್ತಕ

ಕಳೆದ ವರ್ಷ ಹೊಸ ತಂಟೆ ಬಂತು. ಡೇರಿಗೆ ಹಾಲು ತಣಿಸುವ ದೊಡ್ಡ ಟ್ಯಾಂಕ್ ಕೂರಿಸಬೇಕು, ಅದಕ್ಕೊಂದು ಕಟ್ಟಡ ಬೇಕು. ನಕ್ಷೆ ಮಾಡಿದವರು ಕೈ ತೋರಿಸಿದ್ದು ಸೀದಾ ಹಿಂದಿನ ಖಾಲಿ ಜಾಗಕ್ಕೆ. ಅವರ ತಪ್ಪೇನೂ ಇಲ್ಲ, ಕಾಗದದಲ್ಲಿ ಅದು ಖಾಲಿ ಜಾಗವೇ. ಇವನು ಒಬ್ಬೊಬ್ಬರ ಮನೆಗೂ ಹೋಗಿ ಮಾತಾಡುತ್ತೇನೆ ಅಂತ ಹೊರಟ. ಅಕ್ಕ ತಡೆದರು. “ನೀನ್ ಸುಮ್ಕಿರು. ನೀನೇನು ಹಾಲ್ ಹಾಕ್ತೀಯಾ?”

ಸಂಘದ ಮಹಾಸಭೆಗೆ ನಾವಿಬ್ಬರೂ ಹೋದೆವು. ಸದಸ್ಯರಲ್ಲದ ಕಾರಣ ಹಿಂದೆ, ಬಾಗಿಲ ಹತ್ತಿರ ನಿಂತೆವು. ಬೋನಸ್ ಲೆಕ್ಕ, ಪಶು ಆಹಾರದ ಬೆಲೆ, ಫ್ಯಾಟ್ ಕಮ್ಮಿ ತೋರಿಸುತ್ತೆ ಅನ್ನೋ ಹಳೇ ಜಗಳ ಎಲ್ಲಾ ಮುಗಿದಮೇಲೆ ಟ್ಯಾಂಕಿನ ವಿಷಯ ಬಂತು. ಬೇರೆಯವರ ಕ್ಯಾನ್ ಹೊತ್ತುಕೊಂಡು ಬಂದಿದ್ದರಲ್ಲ ಇಬ್ಬರು ಹುಡುಗಿಯರು, ಅವರಲ್ಲಿ ಒಬ್ಬಳ ತಾಯಿ ಎದ್ದು ನಿಂತರು. ಈಚೆಗೆ ಅವರ ಮನೆಗೆ ಮತ್ತೆ ಹಸು ಬಂದಿದೆ. “ಟ್ಯಾಂಕ್ನ ಮುಂದ್ಗಡೆ ಇಡ್ರವ್ವ, ಲಾರಿ ಬರಕ್ಕೂ ಸಲೀಸು” ಅಂದರು. ಆಟದ ಮಾತೇ ಎತ್ತಲಿಲ್ಲ. ಐದು ನಿಮಿಷದಲ್ಲಿ ಠರಾವು ಆಯಿತು.

ಆಮೇಲೆ ಅಕ್ಕ ನಡವಳಿ ಪುಸ್ತಕ ತೋರಿಸಿದರು. ‘ಕಟ್ಟಡದ ಹಿಂಭಾಗದ ಜಾಗವನ್ನು ಹಾಲು ಹಾಕಲು ಬರುವ ಮಕ್ಕಳ ಆಟಕ್ಕೆ ಬಿಡತಕ್ಕದ್ದು’ ಅಂತ ಒಂದು ಸಾಲು ಇತ್ತು. ಅವನ ಹೆಸರು ಎಲ್ಲೂ ಇರಲಿಲ್ಲ. ಅವನು ಎರಡು ಸಲ ಓದಿ ಪುಸ್ತಕ ವಾಪಸ್ ಕೊಟ್ಟ.

“ಅಕ್ಕ, ಚಳಿಗಾಲಕ್ಕೆ ಡೇರಿ ಎಷ್ಟೊತ್ಗೆ ತೆಗೀತೀರಿ?”

“ಆರೂವರೆ.”

“ಹಂಗಾರೆ ನಾನು ಏಳಕ್ಕೆ ಬತ್ತೀನಿ.”